ಎರಡನೇ ಸಲ ನುಡಿಸಿ: ಪ್ರಾಮ್ಸ್ ಕಾರ್ಯಕ್ರಮ ಆರಿಸುವವರಿಗೆ ಒಂದು ಬಹಿರಂಗ ಪತ್ರ

ಬಿಬಿಸಿ ಪ್ರಾಮ್ಸ್‌ನ ಕಾರ್ಯಕ್ರಮ ಆರಿಸುವವರಿಗೆ ಮತ್ತು ಬಿಬಿಸಿ ಆರ್ಕೆಸ್ಟ್ರಾಗಳನ್ನು ನಡೆಸುವವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಮೈಸೂರಿನವನು. ಈಗ ಇಂಗ್ಲೆಂಡಿನಲ್ಲಿ ವಾಸ. ಸಂಗೀತಗಾರನಲ್ಲ, ವಿಮರ್ಶಕನೂ ಅಲ್ಲ, ವರ್ಷ ವರ್ಷ ಬಿಬಿಸಿ ನಡೆಯಲೆಂದು ಲೈಸೆನ್ಸ್ ಫೀ ಕಟ್ಟುವ ಒಬ್ಬ ಕೇಳುಗ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮಗೆ ಬೇರೆಯಾಗಿ ಬರುತ್ತದೆ. ಕನ್ನಡದಲ್ಲೂ ಬರೆಯುತ್ತಿರುವುದಕ್ಕೆ ಕಾರಣ ಇದೆ. ನಾನು ಹೆಸರಿಸುವ ಸಿಂಫನಿಗಳನ್ನು, ಅಂದರೆ ಇಡೀ ಆರ್ಕೆಸ್ಟ್ರಾಗೆ ಬರೆದ ದೊಡ್ಡ ಕೃತಿಗಳನ್ನು, ನನ್ನ ಭಾಷೆಯವರೂ ಹುಡುಕಿ ಕೇಳಲಿ ಅನ್ನುವ ಆಸೆ. ನೀವು ನುಡಿಸದೇ ಹೋದರೂ ಅಷ್ಟಾದರೂ ಆಗಲಿ. (ನಮ್ಮವರಿಗಾಗಿ ಒಂದು ಮಾತು: ಪ್ರಾಮ್ಸ್ ಅಂದರೆ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಪ್ರತಿ ಬೇಸಿಗೆ ಬಿಬಿಸಿ ನಡೆಸುವ ಸಂಗೀತ ಹಬ್ಬ.)

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ದೇಶದಲ್ಲಿ ಕಳೆದ ನೂರೈವತ್ತು ವರ್ಷಗಳಲ್ಲಿ ಹುಟ್ಟಿದ ಸಿಂಫನಿಗಳ ಸಂಖ್ಯೆ ಸಣ್ಣದಲ್ಲ. ಹವರ್ಗಲ್ ಬ್ರಯನ್ ಒಬ್ಬರೇ 32 ಬರೆದರು. ಜಾರ್ಜ್ ಲಾಯ್ಡ್ 12. ಎಡ್ಮಂಡ್ ರಬ್ರಾ 11, ರಾಬರ್ಟ್ ಸಿಂಪ್ಸನ್ 11. ಮಾಲ್ಕಮ್ ಆರ್ನಾಲ್ಡ್ 9, ಆರ್ನಾಲ್ಡ್ ಬ್ಯಾಕ್ಸ್ 7, ವಿಲಿಯಂ ಆಲ್ವಿನ್ 5, ರೂತ್ ಗಿಪ್ಸ್ 5. ಆದರೆ ಸಭಾಂಗಣಕ್ಕೆ ಹೋದರೆ ನಮಗೆ ಸಿಗುವುದು ಎಲ್ಗರ್, ವಾನ್ ವಿಲಿಯಮ್ಸ್, ವಾಲ್ಟನ್ನರ ಮೊದಲನೆಯದು. ಅವು ದೊಡ್ಡ ಕೃತಿಗಳೇ, ಅದರಲ್ಲಿ ತಕರಾರಿಲ್ಲ. ಉಳಿದವು ಎಲ್ಲಿ ಹೋದವು ಅನ್ನೋದು ನನ್ನ ಪ್ರಶ್ನೆ.

"ಅವೆಲ್ಲ ರೆಕಾರ್ಡಿಂಗ್ ಆಗಿವೆಯಲ್ಲ" ಅಂತ ನೀವು ಹೇಳಬಹುದು. ನಿಜ, ಆಗಿವೆ. ರಿಚರ್ಡ್ ಇಟ್ಟರ್ ಎಂಬುವರು 1959ರಲ್ಲಿ ಲಿರಿಟಾ ಅನ್ನುವ ಕಂಪನಿ ಶುರು ಮಾಡಿ, ಯಾರೂ ಮುಟ್ಟದಿದ್ದ ಬ್ರಿಟಿಷ್ ಕೃತಿಗಳನ್ನು ಒಂದೊಂದಾಗಿ ಹೊರತಂದರು. ಆಮೇಲೆ ಶಾಂಡೋಸ್, ಹೈಪೀರಿಯನ್, ನ್ಯಾಕ್ಸಾಸ್ ಬಂದವು. ರಬ್ರಾ ಅವರ ಹನ್ನೊಂದನ್ನೂ ರಿಚರ್ಡ್ ಹಿಕಾಕ್ಸ್ ನಿಮ್ಮದೇ ವೇಲ್ಸ್ ಆರ್ಕೆಸ್ಟ್ರಾ ಜೊತೆ ಮುಗಿಸಿದರು. ಇವತ್ತು ಫೋನಿನಲ್ಲಿ ಹುಡುಕಿದರೆ ಮುಕ್ಕಾಲು ಪಾಲು ಸಿಗುತ್ತವೆ. ಹಾಗಾಗಿ ನನ್ನ ದೂರು ರೆಕಾರ್ಡಿಂಗ್ ಬಗ್ಗೆ ಅಲ್ಲವೇ ಅಲ್ಲ.

ಈ ಸಿಂಫನಿಗಳು ವೇದಿಕೆಗೆ ಬರುವ ರೀತಿಯೇ ನನ್ನ ದೂರು. ಸಂಗೀತಗಾರ ಹುಟ್ಟಿ ನೂರು ವರ್ಷ ಆಯ್ತು ಅಂತ ಒಂದು ಸಲ. ಇಲ್ಲವೇ "ಇದೊಂದು ಅಪರೂಪ ನೋಡಿ" ಅಂತ ಒಂದು ಸಲ. ಪತ್ರಿಕೆಯಲ್ಲಿ ನಾಲ್ಕು ಒಳ್ಳೆ ಮಾತು ಬರುತ್ತವೆ. ಬಾಡಿಗೆಗೆ ತಂದ ಸ್ವರದ ಹಾಳೆಗಳು ಪ್ರಕಾಶಕರ ಗೋದಾಮಿಗೆ ವಾಪಸ್ ಹೋಗುತ್ತವೆ. ಮುಂದಿನ ಸರದಿ ಇನ್ನೊಂದು ಶತಮಾನೋತ್ಸವಕ್ಕೆ! ಮುಕ್ಕಾಲು ಗಂಟೆಯ ಒಂದು ಸಿಂಫನಿ ಒಂದೇ ಸಲಕ್ಕೆ ಯಾರಿಗೆ ಅರ್ಥವಾಗುತ್ತದೆ, ಹೇಳಿ. ಮೊದಲ ಸಲ ಕೇಳುವಾಗ ದಾರಿ ಹುಡುಕುವುದರಲ್ಲೇ ಸಮಯ ಹೋಗುತ್ತದೆ. ಎರಡನೇ ಸಲ, ಮೂರನೇ ಸಲ ಕೇಳಿದಾಗ ತಾನೇ ಇಷ್ಟವೋ ಇಲ್ಲವೋ ಗೊತ್ತಾಗುವುದು? ವಾದಕರ ಪಾಡೂ ಅದೇ. ಎರಡು ರಿಹರ್ಸಲ್‌ನಲ್ಲಿ ಹೊಸ ಸ್ವರಗಳನ್ನು ಸರಿಯಾಗಿ ನುಡಿಸುವುದೇ ಸಾಹಸ. ಆ ಕೃತಿಯ ಬಗ್ಗೆ ಅವರಿಗೊಂದು ಅಭಿಪ್ರಾಯ ಮೂಡುವ ಹೊತ್ತಿಗೆ ಕಛೇರಿ ಮುಗಿದಿರುತ್ತದೆ.

ಬ್ರಿಟನ್ನಿನ ಸಂಗೀತ ಚರಿತ್ರೆಯಲ್ಲಿ 1961ನೇ ವರ್ಷ ನನಗೆ ತುಂಬಾ ಕುತೂಹಲದ್ದು. ಆ ವರ್ಷ ಬ್ರಯನ್ ಫೇರ್‌ಫ್ಯಾಕ್ಸ್ ಎಂಬ ಕಂಡಕ್ಟರ್ (ಆರ್ಕೆಸ್ಟ್ರಾದ ಮುಂದೆ ನಿಂತು ನುಡಿಸುವವರು) ಲಂಡನ್ನಿನಲ್ಲಿ ಎರಡು ದೊಡ್ಡ ಕೆಲಸ ಮಾಡಿದರು. ಫೆಬ್ರವರಿಯಲ್ಲಿ ಆಸ್ಟ್ರಿಯಾದ ಮಾಹ್ಲರನ ಮೂರನೇ ಸಿಂಫನಿಯನ್ನು ಬ್ರಿಟನ್ನಿನ ಸಭಾಂಗಣದಲ್ಲಿ ಮೊದಲ ಬಾರಿಗೆ ನುಡಿಸಿದರು. ಆ ಸಿಂಫನಿ ಜರ್ಮನಿಯಲ್ಲಿ ಪೂರ್ತಿಯಾಗಿ ಕೇಳಿಬಂದಿದ್ದು 1902ರಲ್ಲಿ. ಇಲ್ಲಿಗೆ ಬರಲು ಸುಮಾರು ಅರವತ್ತು ವರ್ಷ ಬೇಕಾಯಿತು. ಅದೇ ವರ್ಷ ಜೂನ್ 24ರಂದು ವೆಸ್ಟ್‌ಮಿನ್‌ಸ್ಟರ್‌ನ ಸೆಂಟ್ರಲ್ ಹಾಲ್‌ನಲ್ಲಿ ಅದೇ ಫೇರ್‌ಫ್ಯಾಕ್ಸ್ ಹವರ್ಗಲ್ ಬ್ರಯನ್‌ರ 'ಗಾಥಿಕ್' ಸಿಂಫನಿಯ ಮೊದಲ ಪ್ರದರ್ಶನ ಕೊಟ್ಟರು. ಒಂದೇ ಕೈ, ಒಂದೇ ವರ್ಷ. ಮಾಹ್ಲರನ ಮೂರನೆಯದನ್ನು ಮತ್ತೆ ಮತ್ತೆ ನುಡಿಸಿದಿರಿ. ಇವತ್ತು ಅದು ಎಲ್ಲ ದೊಡ್ಡ ಆರ್ಕೆಸ್ಟ್ರಾಗಳ ದಿನನಿತ್ಯದ ಊಟ. ಗಾಥಿಕ್ ಇನ್ನೂ ಗಿನ್ನೆಸ್ ದಾಖಲೆ ಪುಸ್ತಕದ ಸಂಗತಿಯಾಗಿಯೇ ಉಳಿದಿದೆ.

ಎರಡೂ ಸರಿಸಮ ಅಂತ ನಾನು ವಾದ ಮಾಡುತ್ತಿಲ್ಲ. ಗಾಥಿಕ್‌ನಲ್ಲಿ ಅದ್ಭುತ ಜಾಗಗಳಿವೆ, ದಾರಿ ತಪ್ಪಿ ಅಲೆಯುವ ಜಾಗಗಳೂ ಇವೆ. 2011ರ ಜುಲೈ 17ರಂದು ನಿಮ್ಮ ಪ್ರಾಮ್ಸ್‌ನಲ್ಲಿ ಮಾರ್ಟಿನ್ ಬ್ರಾಬಿನ್ಸ್ ಸುಮಾರು ಸಾವಿರ ಜನ ವಾದಕರು, ಹಾಡುಗಾರರನ್ನು ಕಟ್ಟಿಕೊಂಡು ಅದನ್ನು ನುಡಿಸಿದರು. ಆಲ್ಬರ್ಟ್ ಹಾಲ್ ತುಂಬಿತ್ತು. ತುಂಬಾ ಒಳ್ಳೆಯದಾಯಿತು. ಆದರೆ ಅದರಿಂದ ಬ್ರಯನ್‌ಗೆ ಏನು ಲಾಭ ಆಯಿತು? "ಅತಿ ದೊಡ್ಡ ಸಿಂಫನಿ ಬರೆದ ವಿಚಿತ್ರ ಮನುಷ್ಯ" ಅನ್ನುವ ಹೆಸರು ಇನ್ನಷ್ಟು ಗಟ್ಟಿಯಾಯಿತು, ಅಷ್ಟೇ.

ನಿಜವಾದ ಬ್ರಯನ್ ಇರುವುದು ಚಿಕ್ಕ ಸಿಂಫನಿಗಳಲ್ಲಿ. ಸ್ಟಾಫರ್ಡ್‌ಶೈರ್‌ನ ಕುಂಬಾರಿಕೆ ಊರುಗಳ ಕಡೆಯ, ಕೆಲಸಗಾರರ ಮನೆಯ ಹುಡುಗ. ಹುಟ್ಟಿದ್ದು 1876ರಲ್ಲಿ. ತಾನು ಬರೆದ ಸಿಂಫನಿಯೊಂದನ್ನು ಆರ್ಕೆಸ್ಟ್ರಾ ನುಡಿಸುವುದನ್ನು ಅವರು ಮೊದಲ ಸಲ ಕೇಳಿದ್ದು 1954ರಲ್ಲಿ, 78ನೇ ವಯಸ್ಸಿನಲ್ಲಿ. ಅದು ಅವರ ಎಂಟನೇ ಸಿಂಫನಿ. ಕಂಡಕ್ಟರ್ ಏಡ್ರಿಯನ್ ಬೋಲ್ಟ್. ಪ್ರಸಾರ ಮಾಡಿದ್ದು ನಿಮ್ಮ ಬಿಬಿಸಿಯೇ. ಕೇಳಿದ ಮೇಲೆ ಆ ಮುದುಕನಿಗೆ ಏನಾಯಿತೋ, ಎಂಬತ್ತು ದಾಟಿದ ಮೇಲೆ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಸಿಂಫನಿ ಬರೆದರು. ಅವುಗಳಲ್ಲಿ ಹಲವು ಇಪ್ಪತ್ತು ನಿಮಿಷ ಮೀರುವುದಿಲ್ಲ. ಇಪ್ಪತ್ತೆರಡನೆಯದು ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿದೇ ಹೋಗುತ್ತದೆ. ಅವರ ಸಿಂಫನಿಗಳು ಮಾರಾಟಕ್ಕಾಗಿ ಮೊದಲು ರೆಕಾರ್ಡ್ ಆದದ್ದು ಯಾರಿಂದ ಗೊತ್ತೇ? ಲೆಸ್ಟರ್‌ಶೈರ್‌ನ ಶಾಲಾ ಮಕ್ಕಳ ಆರ್ಕೆಸ್ಟ್ರಾದಿಂದ, 1972ರಲ್ಲಿ. ಹತ್ತನೆಯದು ಮತ್ತು ಇಪ್ಪತ್ತೊಂದನೆಯದು. ಶಾಲೆಯ ಹುಡುಗ ಹುಡುಗಿಯರು ನುಡಿಸಿದ್ದನ್ನು ನಿಮ್ಮ ವೃತ್ತಿಪರ ವಾದಕರು ನುಡಿಸಲಾರರೇ? ಸಾವಿರ ಜನ ಬೇಡ. ಮಾಮೂಲಿ ಆರ್ಕೆಸ್ಟ್ರಾ ಸಾಕು.

ಆ ಎಂಟನೇ ಸಿಂಫನಿಯ ಸ್ಕೋರ್ (ಸ್ವರ ಬರೆದ ಪ್ರತಿ) ನೋಡಿ, "ಇದನ್ನು ನುಡಿಸಲೇಬೇಕು" ಅಂತ ಹಠ ಹಿಡಿದವರು ಬಿಬಿಸಿಯಲ್ಲಿ ಕೆಲಸಕ್ಕಿದ್ದ ರಾಬರ್ಟ್ ಸಿಂಪ್ಸನ್. ಇವರ ಹೆಸರು ನಿಮ್ಮ ಕಚೇರಿಯಲ್ಲಿ ಕೆಲವರಿಗೆ ಇವತ್ತಿಗೂ ಇರುಸುಮುರುಸು ತರಬಹುದು. 1951ರಿಂದ 1980ರವರೆಗೆ ಬಿಬಿಸಿಯಲ್ಲಿದ್ದರು. 1980ರಲ್ಲಿ ಬಿಬಿಸಿ ತನ್ನ ಕೆಲವು ಆರ್ಕೆಸ್ಟ್ರಾಗಳನ್ನು ಮುಚ್ಚಲು ಹೊರಟಾಗ ವಾದಕರು ಮುಷ್ಕರ ಹೂಡಿದರು. ಪ್ರಾಮ್ಸ್‌ನ ಹಲವು ಕಛೇರಿಗಳೇ ರದ್ದಾದವು. ಸಿಂಪ್ಸನ್ ವಾದಕರ ಪರ ನಿಂತು, ಪಿಂಚಣಿಗೆ ಸ್ವಲ್ಪವೇ ಸಮಯ ಇದ್ದರೂ ರಾಜೀನಾಮೆ ಕೊಟ್ಟು ಹೊರಬಂದರು. ಮರುವರ್ಷ ಪ್ರಾಮ್ಸ್ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದರು. ಅದರಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಪ್ರಾಮ್ಸ್‌ನಲ್ಲಿ ಏನು ನುಡಿಸಬೇಕು ಅನ್ನುವ ಅಧಿಕಾರ ಒಬ್ಬರ ಕೈಯಲ್ಲಿ ಅವಧಿ ಇಲ್ಲದೆ ಇರಬಾರದು. ಕೆಲವು ವರ್ಷಕ್ಕೊಮ್ಮೆ ಆ ಕುರ್ಚಿ ಬದಲಾಗಬೇಕು. ಒಬ್ಬರ ರುಚಿಯಲ್ಲಿ ಬಿಟ್ಟು ಹೋದದ್ದು ಇನ್ನೊಬ್ಬರ ರುಚಿಯಲ್ಲಿ ಒಳಗೆ ಬರಲಿ.

ಆ ಮಾತಿನ ಹಿಂದೆ ಒಂದು ನೋವು ಇತ್ತು. 1959ರಿಂದ 1972ರವರೆಗೆ ಬಿಬಿಸಿಯ ಸಂಗೀತ ವಿಭಾಗ ವಿಲಿಯಂ ಗ್ಲಾಕ್ ಅವರ ಕೈಯಲ್ಲಿತ್ತು. ಗ್ಲಾಕ್ ಬಾಗಿಲು ತೆರೆದರು, ನಿಜ. ಹಳೆಯ ಚೌಕಟ್ಟು ಮುರಿದ ಬೂಲೇಜ್, ಸ್ಟಾಕ್‌ಹೌಸನ್ ಬಂದರು. ಹಳೆಯ ಕಾಲದ ಸಂಗೀತವೂ ಬಂತು. ಬ್ರಿಟನ್ನಿನ ಕೇಳುಗರ ಕಿವಿ ಅಗಲವಾಯಿತು. ಆದರೆ ಅದೇ ಬಾಗಿಲಿನ ಹಿಂದೆ ಶ್ರುತಿ ಬಿಡದೆ, ಹಳೆಯ ರೂಪದಲ್ಲೇ ಹೊಸದನ್ನು ಬರೆಯುತ್ತಿದ್ದವರು ಸಿಕ್ಕಿಕೊಂಡರು. ರಬ್ರಾ, ಲಾಯ್ಡ್, ಗಿಪ್ಸ್, ಆಲ್ವಿನ್, ಆರ್ನಾಲ್ಡ್ ಎಲ್ಲರಿಗೂ ಒಮ್ಮೆಲೇ "ಹಳೇ ಕಾಲದವರು" ಅನ್ನುವ ಚೀಟಿ ಅಂಟಿತು. ಕಪ್ಪುಪಟ್ಟಿ ಅಂತ ಒಂದು ಇತ್ತೋ ಇಲ್ಲವೋ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಪಟ್ಟಿ ಬೇಕಾಗಿಯೇ ಇಲ್ಲ. ಸುಮ್ನೆ ಮರೆತರೂ ಪರಿಣಾಮ ಅದೇ ಅಲ್ವಾ?

ಸಿಂಪ್ಸನ್ ತಾವೇ ಬರೆದ ಒಂಬತ್ತನೇ ಸಿಂಫನಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಸುಮಾರು ಐವತ್ತು ನಿಮಿಷದ ಕೃತಿ. ನಡುವೆ ಎಲ್ಲೂ ನಿಲ್ಲುವುದಿಲ್ಲ. ಶುರುವಿನಿಂದ ಕೊನೆವರೆಗೂ ಅಡಿಯಲ್ಲಿ ಮಿಡಿಯುವ ನಾಡಿ ಒಂದೇ. ಮೇಲ್ನೋಟಕ್ಕೆ ನಿಧಾನ, ಆಮೇಲೆ ವೇಗ, ಮತ್ತೆ ನಿಧಾನ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿದರೆ ತಾಳ ಬದಲಾಗಿಯೇ ಇಲ್ಲ. ಒಳಗೆ ಸ್ವರಗಳ ಓಟ ಮಾತ್ರ ಹೆಚ್ಚು ಕಡಿಮೆ ಆಗಿದೆ. ನಮ್ಮ ಕಡೆ ವಿಳಂಬ, ದ್ರುತ ಅಂತ ಕಾಲ ಹಾಕಿ ಹಾಡುವುದನ್ನು ಕೇಳಿ ಬೆಳೆದವರಿಗೆ ಇದರ ಸೊಗಸು ಬೇಗ ಹಿಡಿಸುತ್ತದೆ ಅಂತ ನನ್ನ ಅನಿಸಿಕೆ. ಸಿಂಪ್ಸನ್‌ಗೆ ನಕ್ಷತ್ರ ನೋಡುವ ಹುಚ್ಚಿತ್ತು. ಈ ಸಿಂಫನಿ ಕೇಳುವಾಗ ಅದು ನಂಬುವಂತೆಯೇ ಇದೆ. ವರ್ನನ್ ಹ್ಯಾಂಡ್ಲಿ 1987ರಲ್ಲಿ ಬೋರ್ನ್‌ಮತ್ ಆರ್ಕೆಸ್ಟ್ರಾ ಜೊತೆ ಇದನ್ನು ಮೊದಲ ಸಲ ನುಡಿಸಿದರು. ಅವರದೇ ರೆಕಾರ್ಡಿಂಗ್ ಕೂಡ ಇದೆ. ಅದನ್ನು ಹಾಕಿಕೊಂಡು ಒಂದು ಸಂಜೆ ಫೋನ್ ದೂರ ಇಟ್ಟು ಕೇಳಿ. ನಿಮ್ಮ ಸಂಸ್ಥೆಯನ್ನು ಬೈದು ಹೋದ ಮನುಷ್ಯನ ಕೃತಿಯನ್ನು ನೀವೇ ನುಡಿಸಿದರೆ ನಿಮ್ಮ ಮರ್ಯಾದೆಗೇನೂ ಕಡಿಮೆ ಆಗುವುದಿಲ್ಲ.

ಇನ್ನು ರಬ್ರಾ. 1942ರ ಆಗಸ್ಟ್ 14. ಯುದ್ಧ ನಡೆಯುತ್ತಿದೆ. ಪ್ರಾಮ್ಸ್‌ನ ಹಳೆಯ ಮನೆ ಕ್ವೀನ್ಸ್ ಹಾಲ್ ಹಿಂದಿನ ವರ್ಷದ ಬಾಂಬಿಗೆ ಸುಟ್ಟುಹೋಗಿದೆ. ಆಲ್ಬರ್ಟ್ ಹಾಲ್‌ನ ವೇದಿಕೆಗೆ ಸೇನೆಯ ಸಮವಸ್ತ್ರದಲ್ಲೇ ಬಂದು ನಿಂತು, ತಾವೇ ಬರೆದ ನಾಲ್ಕನೇ ಸಿಂಫನಿಯನ್ನು ರಬ್ರಾ ಮೊದಲ ಬಾರಿಗೆ ನುಡಿಸಿದರು. ಇಂಥ ಚರಿತ್ರೆ ನಿಮ್ಮದೇ ವೇದಿಕೆಯದು. 1895ರಿಂದ ನಡೆದ ಪ್ರತಿಯೊಂದು ಪ್ರಾಮ್ ಕಛೇರಿಯ ಪಟ್ಟಿ ನಿಮ್ಮ ಆರ್ಕೈವ್‌ನಲ್ಲಿದೆ. ತೆರೆದು ನೋಡಿ, ಆ ಸಿಂಫನಿ ಆಮೇಲೆ ಎಷ್ಟು ಸಲ ಬಂದಿದೆ ಅಂತ.

ರಬ್ರಾ ನಾರ್ಥಾಂಪ್ಟನ್ನಿನ ಬಡ ಮನೆಯವರು. ಹುಡುಗನಾಗಿದ್ದಾಗ ರೈಲ್ವೆಯಲ್ಲಿ ಗುಮಾಸ್ತೆ ಕೆಲಸ ಮಾಡುತ್ತಿದ್ದವರು. ಆಮೇಲೆ ಗುಸ್ತಾವ್ ಹೋಲ್ಸ್ಟ್ ಬಳಿ ಕಲಿತರು. ಹೋಲ್ಸ್ಟ್ ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳಿಗೆ ಸಂಗೀತ ಹಾಕಿದವರು ಅನ್ನುವುದು ನಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬಹುದು. ಶಿಷ್ಯನಿಗೂ ಪೂರ್ವದ ಕಡೆ ಒಲವಿತ್ತು. ರಬ್ರಾ ತಮ್ಮ ಪಿಯಾನೊ ಕಾಂಚೆರ್ಟೊವನ್ನು (ಪಿಯಾನೊ ಮುಂದೆ ನಿಂತು, ಆರ್ಕೆಸ್ಟ್ರಾ ಜೊತೆ ಕೊಡುವ ಕೃತಿ) ಸರೋದ್ ವಾದಕ ಅಲಿ ಅಕ್ಬರ್ ಖಾನ್ ಅವರಿಗೆ ಅರ್ಪಿಸಿದ್ದಾರೆ. ಆದರೆ ಆ ನಂಟಿಗಿಂತ ಮುಖ್ಯವಾದದ್ದು ಅವರ ಸಿಂಫನಿ ಬೆಳೆಯುವ ಬಗೆ. ಸಿಂಫನಿ ಅಂದರೆ ಎರಡು ವಿಷಯಗಳ ಜಗಳ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಾಲ್ಕನೆಯದರ ಮೊದಲ ಭಾಗದಲ್ಲಿ ಜಗಳವೇ ಇಲ್ಲ. ಒಂದು ಹೆಣಿಗೆ ತಂತಿವಾದ್ಯಗಳಲ್ಲಿ ತೂಗುತ್ತಿರುತ್ತದೆ. ಅದರ ಮೇಲೆ ಒಂದು ರಾಗ ತನ್ನಿಂದ ತಾನೇ, ಒಂದೊಂದು ಸ್ವರ ಮುಂದೆ ಹೆಜ್ಜೆ ಇಟ್ಟು ಬೆಳೆಯುತ್ತದೆ. ಅವಸರವೇ ಇಲ್ಲ. ಅರ್ಧ ಗಂಟೆಯೊಳಗೆ ಇಡೀ ಸಿಂಫನಿ ಮುಗಿಯುತ್ತದೆ. ದೂರು ಹೇಳುವವರು "ಬಣ್ಣ ಕಡಿಮೆ, ಆರ್ಕೆಸ್ಟ್ರಾ ಮಂಕು" ಅನ್ನುತ್ತಾರೆ. ಕೆಲವು ಕಡೆ ನಿಜ ಕೂಡ. ಎಲ್ಲ ವಾದ್ಯವೂ ಎಲ್ಲ ಕಾಲದಲ್ಲೂ ನುಡಿಯುತ್ತಿರುವ ದಟ್ಟಣೆ ಅವರ ಮೊದಲ ಎರಡು ಸಿಂಫನಿಗಳಲ್ಲಿದೆ. ನಾಲ್ಕನೆಯದರಲ್ಲಿ ಅದು ತಿಳಿಯಾಗಿದೆ.

ಒಂದು ವಿಷಯ ನಡುವೆ ಹೇಳಿಬಿಡುತ್ತೇನೆ. "ಮೈಸೂರಿನವನಿಗೆ ಇದೆಲ್ಲ ಯಾಕೆ ಬೇಕು" ಅಂತ ನೀವು ಕೇಳುವ ಮೊದಲೇ.

ನಮ್ಮ ಜಯಚಾಮರಾಜೇಂದ್ರ ಒಡೆಯರ್ ಅವರ ಹೆಸರು ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದ ಚರಿತ್ರೆಯಲ್ಲಿದೆ. ಕನ್ನಡಿಗರಿಗೆ ಅವರು 'ಶ್ರೀವಿದ್ಯಾ' ಅಂಕಿತದ ಕೃತಿಗಳಿಂದ ಗೊತ್ತು. ಆದರೆ ಅವರಿಗೆ ಪಿಯಾನೊ ಹುಚ್ಚು ಕೂಡ ಅಷ್ಟೇ ಇತ್ತು. ಅರಮನೆಯಲ್ಲಿ ದೊಡ್ಡ ರೆಕಾರ್ಡ್ ಸಂಗ್ರಹ ಇತ್ತು. ಮಾಮೂಲಿ ಕೃತಿಗಳು ಅವರಿಗೆ ಸಾಕಾಗುತ್ತಿರಲಿಲ್ಲ. ಲಂಡನ್ನಿನಲ್ಲಿ ನೆಲೆಸಿ, ಮರೆತುಹೋಗುವ ಅಂಚಿನಲ್ಲಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ಒಡೆಯರ್. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಆಗ ಯಾರೂ ಕೇಳುವವರಿಲ್ಲದ ಬಾಲಾಕಿರೆವ್‌ನ ಮೊದಲ ಸಿಂಫನಿ 1949ರಲ್ಲಿ ಕಂಡಕ್ಟರ್ ಕಾರಾಯಾನ್ ಮತ್ತು ಫಿಲ್ಹಾರ್ಮೋನಿಯಾ ಕೈಯಲ್ಲಿ ರೆಕಾರ್ಡ್ ಆದದ್ದೂ ಅವರ ಬೆಂಬಲದಿಂದ. 1950ರ ಮೇ 22ರಂದು ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದವಲ್ಲ, ಆ ಕಛೇರಿಗೂ ಹಣದ ಭರವಸೆ ಕೊಟ್ಟವರು ಅವರೇ. ಅವರು ಆ ಸಂಜೆ ಅಲ್ಲಿರಲಿಲ್ಲ. ಕಛೇರಿಯ ರೆಕಾರ್ಡಿಂಗ್ ಮೈಸೂರಿಗೆ ಹಡಗಿನಲ್ಲಿ ಹೋಯಿತು.

ಹಾಗಾಗಿ ಲಂಡನ್ನಿನ ಆರ್ಕೆಸ್ಟ್ರಾಗಳು ಏನು ನುಡಿಸಬೇಕು ಅಂತ ಮೈಸೂರಿನವರು ಮೂಗು ತೂರಿಸುವುದು ಹೊಸದೇನಲ್ಲ. ಒಡೆಯರ್ ಬಳಿ ಖಜಾನೆ ಇತ್ತು, ನನ್ನ ಬಳಿ ಲೈಸೆನ್ಸ್ ಫೀ ರಸೀದಿ ಇದೆ. ಅಷ್ಟೇ ವ್ಯತ್ಯಾಸ.

ಮುಂದಕ್ಕೆ ಹೋಗೋಣ. ಇ. ಜೆ. ಮೋರನ್ ಬರೆದು ಮುಗಿಸಿದ್ದು ಒಂದೇ ಸಿಂಫನಿ, ಜಿ ಮೈನರ್‌ನಲ್ಲಿ. ಹ್ಯಾಮಿಲ್ಟನ್ ಹಾರ್ಟಿ 1920ರ ದಶಕದಲ್ಲಿ ಬರೆದುಕೊಡಿ ಎಂದು ಕೇಳಿದ್ದು, ಮುಗಿದಿದ್ದು 1937ರಲ್ಲಿ. ಮೋರನ್ ಅಷ್ಟು ಸಾವಧಾನಿ. ನಾರ್ಫೋಕ್‌ನ ಜವುಗು ನೆಲ, ಐರ್ಲೆಂಡಿನ ಕೆರಿ ಬೆಟ್ಟಗಳು, ಆ ಕಡೆಯ ಜನಪದ ಹಾಡು ಎಲ್ಲ ಇದರಲ್ಲಿ ಸೇರಿಕೊಂಡಿವೆ. ಶುರುವಾಗುವ ರಾಗವೇ ಗಾಳಿಗೆ ಎದುರಾಗಿ ನಡೆಯುವಂತಿದೆ. ಕೊನೆಯಲ್ಲಿ ಬಿಡಿ ಬಿಡಿಯಾಗಿ ಬೀಳುವ ಪೆಟ್ಟುಗಳು ಫಿನ್ಲೆಂಡಿನ ಸಿಬೆಲಿಯಸ್‌ನ ಐದನೆಯದನ್ನು ನೆನಪಿಸುತ್ತವೆ. "ಸಿಬೆಲಿಯಸ್ ನಕಲು" ಅಂತ ಮೂಗು ಮುರಿಯುವವರಿದ್ದಾರೆ. ಹಾಗಾದರೆ ಒಂದು ಕೆಲಸ ಮಾಡಿ. ಎರಡನ್ನೂ ಒಂದೇ ಸಂಜೆ ನುಡಿಸಿ. ಕೇಳುಗರೇ ತೀರ್ಮಾನ ಮಾಡಲಿ. ಇದರ ಮೊದಲ ರೆಕಾರ್ಡಿಂಗ್ 1942ರಲ್ಲಿ ಹಾಲೆ ಆರ್ಕೆಸ್ಟ್ರಾ ಜೊತೆ ಮಾಡಿದವರು ಲೆಸ್ಲಿ ಹ್ಯೂವರ್ಡ್. ಕ್ಷಯದಿಂದ ಬಳಲುತ್ತಲೇ ಆ ಕೆಲಸ ಮುಗಿಸಿದರು. ಮುಂದಿನ ಮೇ ತಿಂಗಳಲ್ಲಿ ತೀರಿಕೊಂಡರು. ಆ ರೆಕಾರ್ಡಿಂಗ್‌ನಲ್ಲಿರುವ ಉರಿ ಆಮೇಲಿನವುಗಳಲ್ಲಿ ನನಗೆ ಕೇಳಿಸಿಲ್ಲ.

ರೂತ್ ಗಿಪ್ಸ್ ವಿಷಯದಲ್ಲಿ ನಿಮಗೆ ಅರ್ಧ ಅಂಕ ಕೊಡಲೇಬೇಕು. 2021ರಲ್ಲಿ ಮಿರ್ಗಾ ಗ್ರಾಜಿನೀಟೆ-ಟೀಲಾ ಬರ್ಮಿಂಗ್‌ಹ್ಯಾಮ್ ಆರ್ಕೆಸ್ಟ್ರಾ ಜೊತೆ ಅವರ ಎರಡನೇ ಸಿಂಫನಿಯನ್ನು ಪ್ರಾಮ್ಸ್‌ನಲ್ಲಿ ನುಡಿಸಿದರು. ಅದೇ ಕಛೇರಿಯಲ್ಲಿ ಬ್ರಾಮ್ಸ್ ಕೂಡ ಇತ್ತು. ಹೀಗೇ ಆಗಬೇಕು. ಗಿಪ್ಸ್ ಎಂಥ ಗಟ್ಟಿಗಿತ್ತಿ ಅಂದರೆ, 1945ರ ಮಾರ್ಚ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದೇ ಕಛೇರಿಯಲ್ಲಿ ಗ್ಲಾಜುನೋವ್‌ನ ಪಿಯಾನೊ ಕಾಂಚೆರ್ಟೊ ನುಡಿಸಿದರು, ಆಮೇಲೆ ವಾದಕರ ಸಾಲಿಗೆ ಹೋಗಿ ಕೂತು ತಮ್ಮದೇ ಮೊದಲ ಸಿಂಫನಿಯಲ್ಲಿ ಕಾರ್ ಆಂಗ್ಲೆ ಎಂಬ ಊದುವ ವಾದ್ಯ ನುಡಿಸಿದರು. ಆಗ ಅವರ ವಯಸ್ಸು ಇಪ್ಪತ್ತನಾಲ್ಕು. ಕೈ ನೋವಿನಿಂದ ಪಿಯಾನೊ ಬಿಡಬೇಕಾಗಿ ಬಂತು. ಕಂಡಕ್ಟರ್ ಆಗಲು ಹೊರಟರೆ ಹೆಂಗಸಿಗೆ ಯಾರೂ ಕೆಲಸ ಕೊಡಲಿಲ್ಲ. ಅವರೇ ಲಂಡನ್ನಿನಲ್ಲಿ ಆರ್ಕೆಸ್ಟ್ರಾ ಕಟ್ಟಿಕೊಂಡರು. ಎರಡನೇ ಸಿಂಫನಿ ಇಪ್ಪತ್ತು ನಿಮಿಷದ್ದು. ಯುದ್ಧಕ್ಕೆ ಹೋದ ಗಂಡ, ಕಾಯುವಿಕೆ, ನಡುವೆ ಒಂದು ದಂಡಿನ ನಡಿಗೆ, ಮರಳಿ ಸೇರುವುದು. ನಾಲ್ಕನೆಯದು, 1972ರದ್ದು, ಅದಕ್ಕಿಂತ ಒಂದು ಕೈ ಮೇಲು. ಉಳಿದ ಅರ್ಧ ಅಂಕ ನಾಲ್ಕನೆಯದನ್ನು ನುಡಿಸಿದಾಗ ಕೊಡುತ್ತೇನೆ.

ಮಾಲ್ಕಮ್ ಆರ್ನಾಲ್ಡ್ ಹೆಸರು ಹೇಳಿದರೆ ಜನ ಕ್ವಾಯ್ ನದಿಯ ಸೇತುವೆ ಸಿನಿಮಾ ಅನ್ನುತ್ತಾರೆ, ಆಸ್ಕರ್ ಅನ್ನುತ್ತಾರೆ. ಅವರ ಒಂಬತ್ತನೇ ಸಿಂಫನಿ ಬೇರೆಯೇ ಲೋಕ. ಕುಡಿತ, ಮನಸ್ಸಿನ ಕಾಯಿಲೆ, ಆಸ್ಪತ್ರೆಗಳ ವರ್ಷಗಳು ಮುಗಿದ ಮೇಲೆ 1986ರಲ್ಲಿ ಬರೆದದ್ದು. ತಮ್ಮನ್ನು ನೋಡಿಕೊಳ್ಳುತ್ತಿದ್ದ ವ್ಯಕ್ತಿಗೆ ಅದನ್ನು ಅರ್ಪಿಸಿದರು. ಸ್ಕೋರ್ ನೋಡಿದರೆ ಹಾಳೆ ಅರ್ಧ ಖಾಲಿ. ಎಷ್ಟೋ ಕಡೆ ಬರೀ ಎರಡು ಎಳೆ ಸ್ವರ. ಇದು ಮುಗಿದ ಕೃತಿಯೇ ಅಲ್ಲ ಅಂದುಕೊಂಡವರಿದ್ದರು. ಮೊದಲ ಪ್ರದರ್ಶನ ಆಗಿದ್ದು 1992ರಲ್ಲಿ, ಮ್ಯಾಂಚೆಸ್ಟರ್‌ನಲ್ಲಿ, ಚಾರ್ಲ್ಸ್ ಗ್ರೋವ್ಸ್ ಕೈಯಲ್ಲಿ, ನಿಮ್ಮ ಬಿಬಿಸಿ ಫಿಲ್ಹಾರ್ಮೋನಿಕ್ ಜೊತೆ. ಕೊನೆಯ ಭಾಗ ಇಡೀ ಸಿಂಫನಿಯ ಅರ್ಧದಷ್ಟು ಉದ್ದ. ತೀರಾ ನಿಧಾನ. ಸಹಿಸುವುದು ಕಷ್ಟ ಅನ್ನಿಸುವಷ್ಟು ನಿಧಾನ. ಇದು ಎಲ್ಲರಿಗೂ ಹಿಡಿಸುತ್ತದೆ ಅಂತ ನಾನು ಹೇಳಲಾರೆ. ಇದನ್ನು ಹೆದರಿ ಹೆದರಿ ಕೇಳಬೇಕು. ಆದರೆ ಒಂದು ಸಾವಿರ ಜನ ಒಟ್ಟಿಗೆ ಕೂತು ಇದನ್ನು ಕೇಳುವ ಅನುಭವ ಹೆಡ್‌ಫೋನ್‌ನಲ್ಲಿ ಸಿಗುವುದಿಲ್ಲ.

ಜಾರ್ಜ್ ಲಾಯ್ಡ್ ಕಥೆ ನಿಮಗೆ ಗೊತ್ತೇ ಇರುತ್ತದೆ. ನಮ್ಮ ಓದುಗರಿಗಾಗಿ ಎರಡು ಮಾತು. ಅವರು ಯುದ್ಧದಲ್ಲಿ ಎಚ್‌ಎಂಎಸ್ ಟ್ರಿನಿಡಾಡ್ ಹಡಗಿನಲ್ಲಿ ಬ್ಯಾಂಡ್ ವಾದಕರಾಗಿದ್ದರು. 1942ರ ಮಾರ್ಚ್‌ನಲ್ಲಿ ಉತ್ತರ ಧ್ರುವದ ಸಮುದ್ರದಲ್ಲಿ ಹಡಗು ಹಾರಿಸಿದ ಟಾರ್ಪಿಡೊ ತಿರುಗಿ ಬಂದು ಅದೇ ಹಡಗಿಗೆ ಬಡಿಯಿತು. ಕೆಳಗಿನ ಕೋಣೆಯಲ್ಲಿದ್ದ ಜೊತೆಗಾರರು ಎಣ್ಣೆಯಲ್ಲಿ ಮುಳುಗಿ ಸತ್ತರು. ಲಾಯ್ಡ್ ಹೇಗೋ ಬದುಕಿದರು, ಆದರೆ ಮನಸ್ಸು ಮುರಿದಿತ್ತು. ಸ್ವಿಟ್ಜರ್ಲೆಂಡಿನ ಹೆಂಡತಿ ಅವರನ್ನು ಮತ್ತೆ ಮನುಷ್ಯನನ್ನಾಗಿ ಮಾಡಿದರು. ಚೇತರಿಸಿಕೊಳ್ಳುತ್ತಾ ನಾಲ್ಕನೇ ಸಿಂಫನಿ ಬರೆದು 1946ರಲ್ಲಿ ಮುಗಿಸಿದರು. ಅದು ಸಭಾಂಗಣದಲ್ಲಿ ಕೇಳಿಬಂದದ್ದು 1981ರಲ್ಲಿ. ನಡುವಿನ ಮೂವತ್ತೈದು ವರ್ಷಗಳಲ್ಲಿ ಬಹುಪಾಲು ಅವರು ಡಾರ್ಸೆಟ್‌ನಲ್ಲಿ ಅಣಬೆ, ಕಾರ್ನೇಷನ್ ಹೂ ಬೆಳೆದು ಮಾರುತ್ತಿದ್ದರು. ಅಷ್ಟು ಭೀಕರವಾದದ್ದನ್ನು ಕಂಡವರ ಸಿಂಫನಿ ಇಷ್ಟು ಹಾಡುಹಾಡಾಗಿರುವುದು ಕೆಲವರಿಗೆ ಹುಸಿ ಅನ್ನಿಸುತ್ತದೆ. ನನಗೆ ಅನ್ನಿಸಿಲ್ಲ. ಒಂದು ಗಂಟೆ ಮೀರುವ ಉದ್ದ ಮಾತ್ರ ಸ್ವಲ್ಪ ಜಾಸ್ತಿಯೇ.

ಇನ್ನೂ ಹೆಸರುಗಳಿವೆ. 1863ರಲ್ಲೇ ಸಿ ಮೈನರ್ ಸಿಂಫನಿ ಬರೆದು ಲಂಡನ್ನಿನಲ್ಲಿ ನುಡಿಸಿದ ಆಲಿಸ್ ಮೇರಿ ಸ್ಮಿತ್. ವೇಲ್ಸ್‌ನ ಗ್ರೇಸ್ ವಿಲಿಯಮ್ಸ್, ಅವರ ಎರಡನೆಯದು. ಆಲ್ವಿನ್‌ರ ಐದನೆಯದು, ಕಾಲು ಗಂಟೆಯ ಚುರುಕು ಕೃತಿ. ಬ್ಯಾಕ್ಸ್‌ರ ಮೂರನೆಯದು, ಆರನೆಯದು. ಎಲ್ಲವನ್ನೂ ನುಡಿಸಿ ಅಂತ ನಾನು ಗಂಟುಬೀಳುವುದಿಲ್ಲ. ಸ್ಟ್ಯಾನ್‌ಫರ್ಡ್‌ರ ಏಳೂ ನನಗೆ ಬೇಡ. ಜರ್ಮನಿಯ ಬ್ರಾಮ್ಸ್ ಮನೆಯಲ್ಲೇ ಇರುವಾಗ ಅವರದೇ ಧಾಟಿಯ ನೆರೆಮನೆಗೆ ಅಷ್ಟು ಸಲ ಹೋಗುವ ಅಗತ್ಯ ಕಾಣುವುದಿಲ್ಲ. ಆದರೂ 'ಐರಿಷ್' ಸಿಂಫನಿಯನ್ನು ಸ್ವತಃ ಮಾಹ್ಲರ್ 1911ರಲ್ಲಿ ನ್ಯೂಯಾರ್ಕ್‌ನಲ್ಲಿ ನುಡಿಸಿದ್ದ ಅನ್ನುವುದನ್ನು ನೆನೆಸಿಕೊಂಡರೆ, ಅದನ್ನೊಂದು ಇಟ್ಟುಕೊಳ್ಳೋಣ ಅನ್ನಿಸುತ್ತದೆ.

ಈಗ ನನ್ನ ಬೇಡಿಕೆ. "ಮರೆತ ಸಿಂಫನಿಗಳ ಹಬ್ಬ" ಅಂತ ದಯವಿಟ್ಟು ಮಾಡಬೇಡಿ. ಹಬ್ಬ ಮಾಡಿದರೆ ಈಗಾಗಲೇ ಇವನ್ನೆಲ್ಲ ಕೇಳಿರುವ ನಮ್ಮಂಥ ನಾಲ್ಕು ಜನ ಬರುತ್ತೇವೆ, ಉಳಿದವರು ದೂರ ಇರುತ್ತಾರೆ. ಹಾಗೆ ಮಾಡುವ ಬದಲು ನಾಲ್ಕೇ ನಾಲ್ಕು ಕೃತಿ ಆರಿಸಿ. ನನ್ನ ಆಯ್ಕೆ ರಬ್ರಾ ನಾಲ್ಕು, ಗಿಪ್ಸ್ ನಾಲ್ಕು, ಮೋರನ್ ಜಿ ಮೈನರ್, ಸಿಂಪ್ಸನ್ ಒಂಬತ್ತು. ನಿಮ್ಮದು ಬೇರೆ ಇದ್ದರೆ ಅದೂ ಸರಿ. ಆ ನಾಲ್ಕನ್ನು ಮೂರು ವರ್ಷ ಬಿಡದೆ ನುಡಿಸಿ. ಲಂಡನ್, ಸಾಲ್ಫರ್ಡ್, ಕಾರ್ಡಿಫ್, ಗ್ಲಾಸ್ಗೊ ನಾಲ್ಕೂ ಕಡೆ ನಿಮ್ಮ ಸಿಂಫನಿ ಆರ್ಕೆಸ್ಟ್ರಾಗಳಿವೆ. ಒಂದು ಆರ್ಕೆಸ್ಟ್ರಾ ತಿದ್ದಿ, ಪಿಟೀಲಿನ ಬಿಲ್ಲು ಆಡಿಸುವ ಗುರುತು ಹಾಕಿದ ಹಾಳೆಗಳನ್ನೇ ಇನ್ನೊಂದಕ್ಕೆ ಕಳಿಸಿ. ಬಾಡಿಗೆ ಖರ್ಚೂ ಉಳಿಯುತ್ತದೆ, ರಿಹರ್ಸಲ್ ಸಮಯವೂ ಉಳಿಯುತ್ತದೆ. ಚಳಿಗಾಲದಲ್ಲಿ ಸ್ಟುಡಿಯೊದಲ್ಲಿ, ನಿಮ್ಮ ಸಂಗೀತದ ಚಾನೆಲ್ ರೇಡಿಯೊ ಮೂರರ ಮಧ್ಯಾಹ್ನದ ಪ್ರಸಾರದಲ್ಲಿ ಒಮ್ಮೆ. ವಸಂತದಲ್ಲಿ ಊರಿನ ಸಭಾಂಗಣದಲ್ಲಿ ಒಮ್ಮೆ. ಬೇಸಿಗೆಗೆ ಪ್ರಾಮ್ಸ್‌ಗೆ ಬರುವ ಹೊತ್ತಿಗೆ ವಾದಕರ ಬೆರಳಿಗೂ ಕೇಳುಗರ ಕಿವಿಗೂ ಪರಿಚಯ ಆಗಿರುತ್ತದೆ.

ಟಿಕೆಟ್ ಹೋಗುವುದಿಲ್ಲ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಹಣದ ಪರಿಸ್ಥಿತಿ ಹೇಗಿದೆ ಅಂತಲೂ ಗೊತ್ತು. 2023ರಲ್ಲಿ ಬಿಬಿಸಿ ಸಿಂಗರ್ಸ್ ತಂಡವನ್ನೇ ಮುಚ್ಚುತ್ತೇವೆ ಅಂದಿರಿ, ಗಲಾಟೆಯಾದ ಮೇಲೆ ಹಿಂದೆ ಸರಿದಿರಿ. ಆದ್ದರಿಂದ ಈ ಕೃತಿಗಳನ್ನು ಒಂಟಿಯಾಗಿ ಮಾರಲು ಹೋಗಬೇಡಿ. ಮೊದಲರ್ಧದಲ್ಲಿ ಜನಕ್ಕೆ ಬೇಕಾದ ಪಿಯಾನೊ ಕಾಂಚೆರ್ಟೊ ಇಡಿ. ಆಮೇಲೆ ಎರಡನೇ ಅರ್ಧದಲ್ಲಿ, ಬೀಥೊವನ್ ಕೂರುವ ಜಾಗದಲ್ಲಿ ಇದನ್ನು ಕೂರಿಸಿ. ಹತ್ತು ನಿಮಿಷದ ಸಣ್ಣದೊಂದನ್ನು ಕಛೇರಿಯ ಮೊದಲಿಗೆ ತುರುಕಿ, ತಡವಾಗಿ ಬಂದವರು ಕುರ್ಚಿ ಹುಡುಕುವಾಗ ಮುಗಿಸಿಬಿಡುವ ಚಾಳಿ ಬೇಡ. ಕಾರ್ಯಕ್ರಮದ ಪುಸ್ತಕದಲ್ಲಿ "ಅನ್ಯಾಯವಾಗಿ ಮರೆತ" ಅನ್ನುವ ಪದ ಕೂಡ ಬೇಡ. ಅದನ್ನು ಓದಿದ ಕೂಡಲೇ ಕೇಳುಗ ಕನಿಕರದಿಂದ ಕೂರುತ್ತಾನೆ. ಕನಿಕರದಿಂದ ಕೇಳಿದ ಸಂಗೀತ ಯಾರಿಗೂ ರುಚಿಸುವುದಿಲ್ಲ.

ಮೂರು ವರ್ಷ ಆದ ಮೇಲೂ ವಾದಕರೇ "ಸಾಕು ಮಾರಾಯ, ಇದರಲ್ಲಿ ಏನೂ ಇಲ್ಲ" ಅಂದರೆ, ಗೋದಾಮಿಗೆ ವಾಪಸ್ ಕಳಿಸಿ. ನಾನು ಮತ್ತೆ ಪತ್ರ ಬರೆಯುವುದಿಲ್ಲ. ಆ ನಾಲ್ಕರಲ್ಲಿ ಒಂದಾದರೂ ಉಳಿದರೆ ಐದನೆಯದು ಯಾವುದು ಅಂತ ಕೇಳಲು ಖಂಡಿತ ಬರೆಯುತ್ತೇನೆ. ಬ್ರಯನ್‌ರ ಎಂಟನೆಯದು ಅಂತ ಈಗಲೇ ಹೇಳಿಟ್ಟಿರುತ್ತೇನೆ.

ನೀವು ಮುಂದಿನ ಬೇಸಿಗೆಯ ಪಟ್ಟಿಯನ್ನು ಬಹುಶಃ ಈಗಾಗಲೇ ಮುಗಿಸಿರುತ್ತೀರಿ. ಅದರ ಮುಂದಿನದಕ್ಕೆ ಇನ್ನೂ ಜಾಗ ಇರಬೇಕು.

ಇಂತಿ ನಮಸ್ಕಾರಗಳು,
ಆಲ್ಬರ್ಟ್ ಹಾಲ್‌ನಲ್ಲಿ ನಿಂತು ಕೇಳುವವರಲ್ಲಿ ಒಬ್ಬ